ದಿನಕ್ಕೆ ಅರ್ಧ ಗೀಟು

ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಒಲೆಯ ಮೇಲೆ ಸಾರು ಇಟ್ಟು ಮರೆತ ಯಾವ ಹೆಂಗಸನ್ನು ಕೇಳಿದರೂ ಇದನ್ನು ಹೇಳುತ್ತಾಳೆ. ಸಾರು ಬತ್ತಿ ಉಪ್ಪುಪ್ಪಾದಾಗ ಅವಳು ಅದಕ್ಕೆ ಇನ್ನಷ್ಟು ಉಪ್ಪುನೀರು ಸುರಿಯುವುದಿಲ್ಲ, ಒಂದು ಲೋಟ ಸಪ್ಪೆ ನೀರು ಸುರಿಯುತ್ತಾಳೆ. ವಿಷಯ ಇಷ್ಟೇ. ಇಷ್ಟು ವಿಷಯ ನಮ್ಮೂರಿನ ಕಡಲಮನೆ ಸಮಿತಿಯ ಹದಿಮೂರು ಜನ ಗಂಡಸರ ತಲೆಗೆ ಹೋಗುವುದಕ್ಕೆ ಎಪ್ಪತ್ತೊಂಬತ್ತು ದಿನ ಹಿಡಿಯಿತು. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಸಾಕಮ್ಮ. ಮೂವತ್ತೊಂದು ವರ್ಷ ಕಡಲಮನೆಯ ನೀರು ನೋಡಿಕೊಂಡವಳು. ನಮ್ಮೂರಿನಿಂದ ಕಡಲಿಗೆ ಎಂಟು ದಿನದ ದಾರಿ, ಅದನ್ನು ಕಣ್ಣಾರೆ ಕಂಡವರು ಊರಿಗೆಲ್ಲ ನಾಲ್ಕೋ ಐದೋ ಜನ. ಆದರೆ ಪೇಟೆಬೀದಿಯ ನಡುವೆ, ಎತ್ತರದ ಹೆಂಚಿನ ಮಾಡಿನ ಕೆಳಗೆ, ನಲವತ್ತು ಹೆಜ್ಜೆ ಉದ್ದದ ಗಾಜಿನ ತೊಟ್ಟಿಯಲ್ಲಿ ನಮ್ಮೆಲ್ಲರ ಹವಳಗಳಿವೆ. ಮಗು ಹುಟ್ಟಿದ ಮೂರನೆಯ ದಿನ ತಾಯಿಯ ಹವಳದಿಂದ ಉಗುರಿನಷ್ಟು ಚೂರು ಮುರಿದು, ಒಂದು ಕಲ್ಲಿಗೆ ಅಂಟಿಸಿ, ತೊಟ್ಟಿಯ ಕೆಳಗಿನ ಮೆಟ್ಟಿಲಿನಲ್ಲಿ ಇಡುತ್ತೇವೆ. ಆ ಚೂರು ಕಲ್ಲು ಹಿಡಿದು ಬಾಯಿ ಬಿಟ್ಟ ದಿನ ಮಗುವಿನ ಅಳು ಮೊದಲ ಸಲ ಕೇಳಿಸುತ್ತದೆ. ಅಲ್ಲಿಯವರೆಗೆ ಅದು ಎಷ್ಟು ಅತ್ತರೂ ಸದ್ದಿಲ್ಲ. ಬಾಣಂತಿಗೂ ಒಂದು ವಾರ ಗಂಟಲು ಒಡೆದಿರುತ್ತದೆ. ಅಜ್ಜಿಯರು ಬಂದು ಗಾಜಿಗೆ ಮೂಗು ಒತ್ತಿಕೊಂಡು ಕಾಯುತ್ತಾರೆ, ಗಾಜು ಒರೆಸುವ ಕೆಲಸ ನನ್ನದು.

ವಯಸ್ಸಾದ ಹಾಗೆ ಕಲ್ಲುಗಳನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ ಇಡುತ್ತೇವೆ. ನಲವತ್ತು ದಾಟಿದವರದು ಮೇಲಿನ ಮೆಟ್ಟಿಲು, ಬೆಳಕಿಗೆ ಹತ್ತಿರ. ಅಲ್ಲಿ ಕಲ್ಲು ಬಂಡೆಗೆ ಕೂಡಿಕೊಂಡುಬಿಡುತ್ತದೆ, ಮತ್ತೆ ಕೀಳಲು ಬರುವುದಿಲ್ಲ. ಹವಳ ಮುದುಡಿದರೆ ದನಿ ಮುದುಡುತ್ತದೆ, ಹವಳ ಬೆಳ್ಳಗಾದರೆ ದನಿ ಮುಗಿಯಿತು. ಪಕ್ಕಪಕ್ಕದ ಹವಳಗಳು ತಾಗುವಷ್ಟು ಬೆಳೆದರೆ ಒಂದನ್ನೊಂದು ಕುಟುಕುತ್ತವೆ, ಹಾಗಾಗಿ ಓರಗಿತ್ತಿಯರ ಕಲ್ಲುಗಳನ್ನು ನಾನು ಯಾವತ್ತೂ ಒಂದು ಗೇಣು ದೂರವೇ ಇಡುತ್ತಿದ್ದೆ. ಅದರಿಂದ ಎಷ್ಟು ಮನೆಗಳು ಒಡೆಯದೆ ಉಳಿದವೋ, ಒಬ್ಬರೂ ಬಂದು ಒಂದು ಒಳ್ಳೆಯ ಮಾತು ಹೇಳಲಿಲ್ಲ.

ಕೆಲಸ ಕಷ್ಟದ್ದಲ್ಲ, ನಿಯತ್ತಿನದು. ದಿನಾ ಬೆಳಿಗ್ಗೆ ಗೀಟು ಹಾಕಿದ ಗಾಜಿನ ತೇಲುಕಡ್ಡಿಯನ್ನು ಸಪ್ಪೆ ನೀರಲ್ಲಿ ತೊಳೆದು, ಒರೆಸಿ, ತೊಟ್ಟಿಗೆ ಬಿಡಬೇಕು. ನೀರು ಉಪ್ಪಾದಷ್ಟೂ ಕಡ್ಡಿ ಮೇಲೇಳುತ್ತದೆ. ಕಡ್ಡಿಗೆ ಗುಳ್ಳೆ ಅಂಟಿದ್ದರೆ ಬೆರಳಿನಿಂದ ತಟ್ಟಿ ಬಿಡಿಸಬೇಕು, ಇಲ್ಲದಿದ್ದರೆ ಸುಳ್ಳು ಹೇಳುತ್ತದೆ. ಮೂವತ್ತೈದನೆಯ ಕೆಂಪು ಗೀಟು ನೀರಿನ ಮಟ್ಟಕ್ಕೆ ಬಂದು ನಿಂತರೆ ಊರು ಸುಖವಾಗಿದೆ ಎಂದು ಅರ್ಥ. ಆಮೇಲೆ ಹಿಂದಿನ ದಿನ ಆರಿಹೋದಷ್ಟು ನೀರನ್ನು ತುಂಬಬೇಕು, ಚಳಿಗಾಲದಲ್ಲಿ ಹನ್ನೊಂದು ಬಿಂದಿಗೆ, ಬೇಸಿಗೆಯಲ್ಲಿ ಹತ್ತೊಂಬತ್ತು. ಸೋಸಿದ ಮಳೆನೀರು, ಸಪ್ಪೆ ನೀರು. ತೊಟ್ಟಿಯಿಂದ ಗಾಳಿಗೆ ಹೋಗುವುದು ಬರೀ ನೀರು. ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಒಳಗೇ ಕೂತಿರುತ್ತದೆ.

ಮನೆಯಲ್ಲಿ ನಮ್ಮ ಯಜಮಾನರು, ಗವಿಯಪ್ಪನವರು. ಬೆತ್ತದ ಕುರ್ಚಿ ಹೆಣೆಯುತ್ತಾರೆ. ಹನ್ನೆರಡು ವರ್ಷದಿಂದ ಅವರಿಗೆ ಕಣ್ಣು ಕಾಣಿಸುವುದಿಲ್ಲ. ನಾನಂತೂ ಬಾಯಿ ಮುಚ್ಚಿಕೊಂಡಿರುವ ಹೆಂಗಸಲ್ಲ. ಹಾಲು ಉಕ್ಕಿದರೆ ಹಾಲಿಗೆ, ಬೆಕ್ಕು ಬಂದರೆ ಬೆಕ್ಕಿಗೆ, ಯಾರೂ ಸಿಗದಿದ್ದರೆ ಬಾಗಿಲ ಚಿಲಕಕ್ಕೆ ಬೈಯುತ್ತಲೇ ಇರುತ್ತೇನೆ. ಅವರು ಮನೆಯನ್ನು ನೋಡುವುದು ಅದರಿಂದಲೇ. “ನೀನು ಬೈಯ್ತಾ ಇದ್ರೆ ನಂಗೆ ಗೋಡೆ ಎಲ್ಲೈತೆ, ಒಲೆ ಎಲ್ಲೈತೆ, ಎಲ್ಲಾ ಗೊತ್ತಾಯ್ತದೆ ಕಣೇ. ನೀನು ಸುಮ್ನಾದ್ರೆ ದೀಪ ಆರಿಸ್ದಂಗೆ,” ಎನ್ನುತ್ತಿದ್ದರು. ಅದಕ್ಕೂ ನಾನು ಬೈಯುತ್ತಿದ್ದೆ.

ಬೇಸಿಗೆ ಕಾಲಿಡುವ ಹೊತ್ತಿಗೆ ಸಮಿತಿಯ ಅಧ್ಯಕ್ಷ ಮುದ್ದಯ್ಯನವರ ಭಾವಮೈದ, ನಮ್ಮೂರಲ್ಲೇ ಹುಟ್ಟಿ ಹೊರಗೆ ಹೋಗಿದ್ದ ಚಂದ್ರಹಾಸ, ಊರಿಗೆ ವಾಪಸ್ ಬಂದ. ನಲವತ್ತೈದರ ಆಸಾಮಿ, ಗರಿಗರಿ ಅಂಗಿ. ಅವನು ಕಡಲನ್ನು ಕಂಡವನು. ಕಂಡವನು ಎಂದರೆ ದಡದಲ್ಲಿ ಆರು ದಿನ ನಿಂತವನು, ಅಷ್ಟೇ. ಆ ಆರು ದಿನದ ಮುಂದೆ ನನ್ನ ಮೂವತ್ತೊಂದು ವರ್ಷ ಏನೂ ಅಲ್ಲದೆ ಹೋಯಿತು. ಅವನು ಎರಡು ದಿನ ನಾನು ನೀರು ಹೊಯ್ಯುವುದನ್ನು ಬಾಗಿಲಲ್ಲಿ ನಿಂತು ನೋಡಿದ. ಮೂರನೆಯ ದಿನ ಸಮಿತಿ ನನ್ನನ್ನು ಕರೆಸಿತು.

“ಏನ್ ಸಾಕಮ್ಮ, ಮೂವತ್ತೊಂದ್ ವರ್ಸದಿಂದ ಕಡಲಿಗೆ ಮಳೆ ನೀರು ಬೆರಸ್ತಾ ಇದ್ದೀಯಂತೆ?” ಎಂದರು ಮುದ್ದಯ್ಯ. ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವಳನ್ನು ಕೇಳುವ ಧಾಟಿಯಲ್ಲೇ ಕೇಳಿದರು.

“ಬೆರೆಸೋದಲ್ಲ ಅಧ್ಯಕ್ಷರೇ, ಆರೋದು ನೀರು, ಅದಕ್ಕೆ ನೀರೇ ತುಂಬೋದು,” ಎಂದೆ.

ಚಂದ್ರಹಾಸ ನಕ್ಕ. “ಅಮ್ಮಾ, ಕಡಲು ಕಮ್ಮಿ ಆದ್ರೆ ಕಡಲನ್ನೇ ತುಂಬಬೇಕು. ನಾನು ನೋಡಿದೀನಿ, ಅಲ್ಲಿ ಅಲೆ ಹಿಂದೆ ಹೋದ್ರೆ ವಾಪಸ್ ಬರೋದೂ ಉಪ್ಪುನೀರೇ. ಯಾರೂ ಬಿಂದಿಗೇಲಿ ಸಪ್ಪೆ ನೀರು ತಂದು ಸುರಿಯಲ್ಲ.”

ಹದಿಮೂರು ತಲೆ ಒಟ್ಟಿಗೆ ಆಡಿದವು. ಕಡಲ ಮೇಲೂ ಮಳೆ ಬೀಳುತ್ತದಲ್ಲ, ಹೊಳೆಗಳೆಲ್ಲ ಹೋಗಿ ಸೇರುತ್ತವಲ್ಲ ಎಂದು ನಾನು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಇನ್ನು ಮೇಲೆ ಕಡಲಮನೆಯೊಳಗೆ ಸಪ್ಪೆ ನೀರು ತರಕೂಡದು, ತೊಟ್ಟಿಗೂ ಪಾತ್ರೆಗೂ ಕಡ್ಡಿಗೂ ಮುಟ್ಟಿಸಕೂಡದು, ಆರಿದಷ್ಟಕ್ಕೆ ಹೊರಗೆ ಉಪ್ಪು ಕಲಸಿ ತಂದ ನೀರನ್ನೇ ತುಂಬಬೇಕು ಎಂದು ನಿರ್ಣಯ ಬರೆದರು. ಬೀಗದ ಕೈ ಚಂದ್ರಹಾಸನಿಗೆ ಹೋಯಿತು. ನಾನು ಕಲಬೆರಕೆಯವಳು ಎಂಬ ಹೆಸರು ಹೊತ್ತು ಮನೆಗೆ ಬಂದೆ. ಬರುವ ದಾರಿಯಲ್ಲಿ ಸೊಪ್ಪಿನ ಹೊನ್ನಮ್ಮ, ನನ್ನ ವಾರಿಗೆಯವಳು, “ಹೌದೇನೇ? ನೀರ್ ಸೇರುಸ್ತಿದ್ಯಾ?” ಎಂದು ಕೇಳಿದಳು. ಅವಳ ದಂಟಿನ ಕಟ್ಟನ್ನು ಅಲ್ಲೇ ಬಿಸಾಕಿ ಬಂದೆ.

ಅವಳ ದನಿಯೇ ಮೊದಲು ಹೋಯಿತು. ಇಪ್ಪತ್ತು ದಿನ ಕಳೆದಿತ್ತು. “ಸೊಪ್ಪೋ” ಎಂದು ಮೂರು ಬೀದಿಗೆ ಕೇಳುವಂತೆ ಕೂಗುತ್ತಿದ್ದವಳು ಹಿತ್ತಾಳೆ ಗಂಟೆ ಅಲ್ಲಾಡಿಸಿಕೊಂಡು ಬಂದಳು. ಆಮೇಲೆ ಹಜಾಮರ ಅಂಗಡಿಯಲ್ಲಿ ಮಾತು ನಿಂತಿತು, ಅದು ನಿಂತದ್ದನ್ನು ಊರೇ ಗಮನಿಸಿತು. ಮೇಷ್ಟರು ಹಾಜರಿಯನ್ನು ಹಲಗೆಯ ಮೇಲೆ ಬರೆದು ಕೋಲಿನಿಂದ ತೋರಿಸತೊಡಗಿದರು. ಅತ್ತೆ ಸೊಸೆ ಪಾತ್ರೆ ಕುಕ್ಕಿ ಜಗಳವಾಡಿದರು. ಜನ ಧೂಳು ಎಂದರು, ಐಸ್‌ಕ್ಯಾಂಡಿ ಎಂದರು, ಮೆಣಸಿನ ಕಷಾಯ ಕುಡಿದರು. ಅಂಗಡಿಗಳಲ್ಲಿ ಮೆಣಸು ಖಾಲಿಯಾಯಿತು. ಚಂದ್ರಹಾಸ ಕಡಲಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ, ಎಲ್ಲರೂ ದಿನಕ್ಕೆ ಮೂರು ಸಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕಂತೆ. ಊರ ತುಂಬ ಗೊಳಗೊಳ ಸದ್ದು. ಇದನ್ನು ಕೇಳಿ ನಗಬೇಕೋ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೋ ನನಗೆ ತಿಳಿಯಲಿಲ್ಲ.

ಸೋಮವಾರ ಸಾರ್ವಜನಿಕರಿಗೆ ಗಾಜಿನ ಹೊರಗಿನಿಂದ ನೋಡಲು ಬಿಡುತ್ತಾರೆ. ಹೋಗಿ ನೋಡಿದೆ. ತೊಟ್ಟಿಯ ಅಂಚಿಗೆಲ್ಲ ಉಪ್ಪು ಬೆಳ್ಳಗೆ ಗಂಟುಗಟ್ಟಿತ್ತು. ಮೇಲಿನ ಮೆಟ್ಟಿಲಿನವು ಮುಷ್ಟಿ ಬಿಗಿದಂತೆ ಮುದುಡಿದ್ದವು, ನನ್ನದೂ ಸೇರಿ. ವಯಸ್ಸಾದವು ಉಪ್ಪಿಗೆ ಮೊದಲು ಸೋಲುತ್ತವೆ. ಕೆಳಗಿನ ಎಳೆಯವು ಉಪ್ಪನ್ನು ಅಷ್ಟಿಷ್ಟು ದಿನ ತಡೆದುಕೊಳ್ಳುತ್ತವೆ, ಆದರೆ ನೀರು ದಿಢೀರನೆ ಬದಲಾದರೆ ತಡೆಯುವುದಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಆಗ ಮಕ್ಕಳದು ನೂರಾ ನಾಲ್ಕು ಕಲ್ಲುಗಳಿದ್ದವು.

ನನ್ನ ಮನೆಯಲ್ಲಿದ್ದ ಸ್ವಂತ ಕಡ್ಡಿಯನ್ನು ತೊಳೆದು ಒರೆಸಿಕೊಂಡು ಸಮಿತಿಗೆ ಹೋದೆ. ತೊಟ್ಟಿಯ ನೀರನ್ನು ಒಂದು ಚೊಂಬಿನಲ್ಲಿ ತರಿಸಿ ಬಿಟ್ಟರೆ ನಲವತ್ತೊಂದು. ಚಂದ್ರಹಾಸ ತನ್ನ ಕಡ್ಡಿ ಬಿಟ್ಟ, ಮೂವತ್ತೈದು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸಪ್ಪೆ ನೀರು ಮುಟ್ಟಿಸಕೂಡದು ಎಂದು ಅವನು ಒಂದು ದಿನವೂ ಕಡ್ಡಿ ತೊಳೆದಿರಲಿಲ್ಲ. ಅದರ ಕುತ್ತಿಗೆಗೆ ಉಪ್ಪು ಸುಣ್ಣದ ಹಾಗೆ ಮೆತ್ತಿಕೊಂಡು ಭಾರವಾಗಿ ಕಡ್ಡಿ ಮೇಲೇಳುವುದನ್ನೇ ಬಿಟ್ಟಿತ್ತು. “ಅದನ್ನ ಇಲ್ಲಿ ಕೊಡಪ್ಪ, ಒಂದ್ಸಲ ತೊಳೆದು ತೋರುಸ್ತೀನಿ,” ಎಂದೆ. ಅವನು ಕಡ್ಡಿಯನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಸರಿದ.

ಸಮಿತಿ ಒಂದು ಗಂಟೆ ಚರ್ಚೆ ಮಾಡಿತು. ಆಮೇಲೆ ಮುದ್ದಯ್ಯ ಗಂಟಲು ಸರಿಮಾಡಿಕೊಂಡು, “ಇಬ್ರದೂ ಬ್ಯಾಡ. ನಲವತ್ತೊಂದು, ಮೂವತ್ತೈದು, ಎರಡರ ಮಧ್ಯೆ ಮೂವತ್ತೆಂಟು. ಮೂವತ್ತೆಂಟು ಅಂಥಾ ಏನಲ್ಲ,” ಎಂದರು. ಕೈ ಎತ್ತಿಸಿ ಒಪ್ಪಿಗೆ ಪಡೆದರು. ನೀರಿನಲ್ಲಿರುವ ಉಪ್ಪನ್ನು ಕೈ ಎತ್ತಿಸಿ ಇಳಿಸಿದ ಊರು ಇನ್ನೊಂದಿದ್ದರೆ ಹೇಳಿ, ಹೋಗಿ ನೋಡಿ ಬರುತ್ತೇನೆ.

ಆವತ್ತಿನಿಂದ ನಾನು ಮಾತನ್ನು ಹಿಡಿದಿಡತೊಡಗಿದೆ. ಮುದುಡಿದ ಹವಳದಲ್ಲಿ ದನಿ ಎಷ್ಟು ಉಳಿದಿರುತ್ತದೆ ಎಂದು ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಗಂಟಲು ಉಜ್ಜಿ ಆಡಿದಷ್ಟೂ ಅದು ಬೇಗ ಮುಗಿಯುತ್ತದೆ. ಪೇಟೆಯಲ್ಲಿ ಮಾತು ಬಿಟ್ಟೆ. ಬೆಕ್ಕಿಗೆ, ಹಾಲಿಗೆ, ಚಿಲಕಕ್ಕೆ ಬೈಯುವುದು ಬಿಟ್ಟೆ. ಉಳಿದದ್ದೆಲ್ಲ ಯಜಮಾನರಿಗೆ. ಅವರು ಬೆತ್ತ ಹೆಣೆಯುತ್ತಾ ಕೂತಿದ್ದರೆ ಗಂಟೆಗೊಂದು ಸಲ “ಇಲ್ಲೇ ಇದೀನಿ” ಎನ್ನುತ್ತಿದ್ದೆ. ಒಂದು ಸಲ ಮರೆತೆ. ಅವರು ಎದ್ದು ಗೋಡೆ ತಡವಿಕೊಂಡು ಬಂದು ಒಲೆಯ ಬಿಸಿ ಕಬ್ಬಿಣಕ್ಕೆ ಕೈಯಿಟ್ಟರು. ಅಂಗೈ ಸುಟ್ಟು ಬೊಬ್ಬೆ ಬಂತು. ಬೆಣ್ಣೆ ಹಚ್ಚುತ್ತಾ ನಾನು ಅತ್ತೆ. ನಾನು ಅಳುತ್ತಿರುವುದು ಅವರಿಗೆ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷ ಊರಿನ ದನಿ ಕಾದವಳ ಮನೆಗೆ ಈ ಗತಿ ತಂದರಲ್ಲ!

ಎಪ್ಪತ್ತೊಂಬತ್ತನೆಯ ದಿನ ಬಳೆಗಾರರ ಸೊಸೆ ವಾರಿಜ ನನ್ನ ಬಾಗಿಲಿಗೆ ಓಡಿ ಬಂದಳು. ಕಂಕುಳಲ್ಲಿ ನಾಲ್ಕು ತಿಂಗಳ ಕೂಸು. ಅದು ಮುಖ ಕೆಂಪಗೆ ಮಾಡಿಕೊಂಡು, ಕಾಲು ಝಾಡಿಸಿಕೊಂಡು ಅಳುತ್ತಿತ್ತು, ಸದ್ದೇ ಇಲ್ಲ. “ಬೆಳಿಗ್ಗೆಯಿಂದ ಹಿಂಗೆ ಸಾಕಮ್ಮಕ್ಕಾ, ನಾನು ಹಿತ್ಲಲ್ಲಿದ್ದೆ, ಎಷ್ಟೊತ್ತಿಂದ ಅತ್ತಿತ್ತೋ ಗೊತ್ತೇ ಆಗ್ಲಿಲ್ಲ,” ಎಂದಳು ಪಿಸುದನಿಯಲ್ಲಿ. ಅಷ್ಟರಲ್ಲಿ ಬೀದಿಯಲ್ಲಿ ಇನ್ನೂ ಏಳೆಂಟು ತಾಯಂದಿರು ಹಾಗೆಯೇ ನಿಂತಿದ್ದರು. ಎಳೆಯವೂ ಮುಚ್ಚಿಕೊಂಡಿದ್ದವು.

ಎಲ್ಲ ಸೇರಿ ಕಡಲಮನೆಗೆ ಹೋದೆವು. ಚಂದ್ರಹಾಸ ಏನೋ ಹೇಳಲು ಬಂದ, ಅವನಿಗೂ ದನಿ ಇರಲಿಲ್ಲ. ವಾರಿಜ ಕೂಸನ್ನು ನನ್ನ ಕೈಗೆ ಕೊಟ್ಟವಳೇ ಅವನ ಜೇಬಿನಿಂದ ಕಡ್ಡಿ ಕಿತ್ತುಕೊಂಡು, ತಾನು ತಂದಿದ್ದ ಕುಡಿಯುವ ನೀರಿನಲ್ಲಿ ಗಸಗಸ ತಿಕ್ಕಿ ತೊಳೆದಳು. ಅವನದೇ ಕಡ್ಡಿ, ಅವನದೇ ತೊಟ್ಟಿ. ಬಿಟ್ಟರೆ ಚಂಗನೆ ಮೇಲೆದ್ದು ನಲವತ್ತನಾಲ್ಕಕ್ಕೆ ನಿಂತಿತು. ಸಮಿತಿಯವರು ಬಂದು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ನನ್ನ ಮುಖ ಮಾತ್ರ ಒಬ್ಬರೂ ನೋಡಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ! ಮುದ್ದಯ್ಯನವರಿಗೆ ಈಗ ನಂಬಿಕೆ ಬಂತು, ಅದೂ ಬೇಡದಷ್ಟು ಬಂತು. ಇನ್ನು ನಾಲ್ಕೇ ದಿನಕ್ಕೆ ಕಡಲಮನೆಯ ನೂರನೆಯ ವರ್ಷದ ಸಭೆ, ಅದರಲ್ಲಿ ಅವರದು ಮುಕ್ಕಾಲು ಗಂಟೆಯ ಭಾಷಣ. ಅವರ ಹವಳವೂ ಮೇಲಿನ ಮೆಟ್ಟಿಲಿನದೇ, ದನಿ ಕೀರಲಾಗಿ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಟ್ಯಾಂಕರ್ ಸಪ್ಪೆ ನೀರು ತರಿಸಿ ಬಾಗಿಲಿಗೆ ನಿಲ್ಲಿಸಿದರು. ತೊಟ್ಟಿಯ ಐದರಲ್ಲೊಂದು ಭಾಗ ನೀರು ತೆಗೆದುಹಾಕಿ, ಒಂದೇ ಸಲಕ್ಕೆ ಪೈಪು ಬಿಟ್ಟು, ಸಂಜೆಯೊಳಗೆ ಮೂವತ್ತೈದಕ್ಕೆ ತರುವುದಂತೆ.

ನನಗೆ ಎರಡು ದಾರಿಯೂ ಕಾಣುತ್ತಿತ್ತು. ಒಂದೇ ಸಲ ನೀರು ಬಿಟ್ಟರೆ ಮೇಲಿನ ಮೆಟ್ಟಿಲಿನವು ಬದುಕಿಕೊಳ್ಳಬಹುದು, ಹಳೆಯ ಗಟ್ಟಿ ಜೀವಗಳು. ಕೆಳಗಿನ ನೂರಾ ನಾಲ್ಕು ಎಳೆಯವು ನೀರು ಕುಡಿದು ಒಡೆದುಹೋಗುತ್ತವೆ. ಮುದುಡಿದ ಎಳೆಯವನ್ನು ಬೇರೆ ಪಾತ್ರೆಗೆ ಎತ್ತುವ ಹಾಗೂ ಇಲ್ಲ, ಮುಟ್ಟಿದರೆ ಕಲ್ಲು ಬಿಟ್ಟು ಉದುರುತ್ತವೆ. ದಿನಕ್ಕೆ ಅರ್ಧ ಗೀಟಿನಂತೆ ಇಳಿಸಿದರೆ ಎಳೆಯವು ಉಳಿಯುತ್ತವೆ. ಆದರೆ ಅದಕ್ಕೆ ಹದಿನೆಂಟು ದಿನ ಬೇಕು. ನನ್ನ ಹವಳದ ಅಂಚು ಆಗಲೇ ಬಿಳಿಚಿತ್ತು, ಅದಕ್ಕೆ ಹದಿನೆಂಟು ದಿನದ ಆಯಸ್ಸಿರಲಿಲ್ಲ. ಪೈಪು ಬಿಡಲಿ ಎಂದು ಸುಮ್ಮನೆ ನಿಂತಿದ್ದರೆ ನಾನು ಮನೆಗೆ ಹೋಗಿ ಇನ್ನೂ ಹತ್ತು ಹದಿನೈದು ವರ್ಷ ಬೆಕ್ಕಿಗೆ ಬೈದುಕೊಂಡು ಇರಬಹುದಿತ್ತು. ಇದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಜಮಾನರ ಸುಟ್ಟ ಅಂಗೈ ಕಣ್ಣ ಮುಂದೆ ಬಂದೇ ಬಂತು.

ಪೈಪು ಹಿಡಿದವನು ತೊಟ್ಟಿಯ ಏಣಿ ಹತ್ತಿದ. ವಾರಿಜಳ ಕೂಸು ಇನ್ನೂ ನನ್ನ ತೋಳಲ್ಲೇ ಇತ್ತು, ಬಾಯಿ ತೆರೆದೇ ಇತ್ತು. ನಾನು ಅದನ್ನು ತಾಯಿಗೆ ಕೊಟ್ಟು, ಏಣಿಯ ಬುಡ ಹಿಡಿದು, ಗಂಟಲಲ್ಲಿದ್ದದ್ದನ್ನೆಲ್ಲ ತೆಗೆದು ಕೂಗಿದೆ.

“ಇಳಿಯೋ ಕೆಳಕ್ಕೆ! ಒಂದ್ ತೊಟ್ಟು ಬಿಟ್ರೆ ಏಣಿ ಸಮೇತ ಉರುಳುಸ್ತೀನಿ! ಮುದ್ದಯ್ಯ, ನಿನ್ ಭಾಷಣಕ್ಕೆ ನೂರಾ ನಾಲ್ಕು ಮಕ್ಕಳ ಬಾಯಿ ಕಟ್ತೀಯೇನೋ? ತೊಳೀದಿರೋ ಕಡ್ಡಿ ನಂಬ್ಕೊಂಡು ಊರು ಸುಟ್ರಿ, ಕೈ ಎತ್ತಿ ಉಪ್ಪು ಇಳಿಸಿದ್ರಿ, ಈಗ ಒಂದೇ ಸಲ ಕುಡಿಸಿ ಕೊಲ್ತೀರಾ? ದಿನಕ್ಕೆ ಅರ್ಧ ಗೀಟು! ಅರ್ಧ ಗೀಟು ಅಂದ್ರೆ ಅರ್ಧ ಗೀಟು! ಬೀಗದ ಕೈ ಇಲ್ಲಿ ಬಿಸಾಕು!”

ಅಧ್ಯಕ್ಷರನ್ನು ಊರಲ್ಲಿ ಯಾರೂ ಏಕವಚನದಲ್ಲಿ ಕರೆದಿರಲಿಲ್ಲ. ಪೈಪು ಹಿಡಿದವನು ಇಳಿದ. ತಾಯಂದಿರು ತೊಟ್ಟಿಯ ಸುತ್ತ ಕೈ ಕೈ ಹಿಡಿದು ನಿಂತರು. ಚಂದ್ರಹಾಸನೇ ಬಂದು ಬೀಗದ ಕೈಯನ್ನು ನನ್ನ ಕಾಲ ಬಳಿ ಇಟ್ಟ. ನಾನು “ತಗೊಂಡ್ ಬಾ ಮಳೆನೀರು” ಎನ್ನಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

ಗಂಟೆಗೊಂದು ಎಂದು ಕೂಡಿಟ್ಟಿದ್ದ ಮಾತೆಲ್ಲ ಆ ಮುದ್ದಯ್ಯನ ಮುಖಕ್ಕೆ ಹೋಯಿತು. ಇದು ನನಗೆ ಇವತ್ತಿಗೂ ಸಹಿಸಲು ಆಗದ ಸಂಗತಿ. ಮನೆಯಲ್ಲಿ ಬೆತ್ತ ಹೆಣೆಯುತ್ತಾ ಕಾಯುತ್ತಿದ್ದವರಿಗೆ ಒಂದು “ಬರ್ತೀನಿ” ಕೂಡ ಉಳಿಸಿಕೊಳ್ಳಲಿಲ್ಲ. ಹೋದ ನೀರನ್ನು ತುಂಬಬಹುದು, ಈ ಮಾತನ್ನು ಏನು ಸುರಿದು ತುಂಬಲಿ?

ಹದಿನೆಂಟು ದಿನ ಕಡಲಮನೆಯಲ್ಲೇ ಇದ್ದೆ. ದಿನಾ ಒಂದಿಷ್ಟು ಉಪ್ಪುನೀರು ತೆಗೆದು, ಅಷ್ಟೇ ಮಳೆನೀರು, ನೂಲಿನಷ್ಟು ಸಣ್ಣ ಧಾರೆಯಲ್ಲಿ. ಬೆಳಿಗ್ಗೆ ಕಡ್ಡಿ ತೊಳೆ, ಬಿಡು, ನೋಡು. ಸಂಜೆ ಮತ್ತೆ ತೊಳೆ, ಬಿಡು, ನೋಡು. ವಾರಿಜ ದಿನಾ ಯಜಮಾನರನ್ನು ಕೈ ಹಿಡಿದು ಕರೆತರುತ್ತಿದ್ದಳು. ಅವರು ನನ್ನ ಪಕ್ಕ ಕೂತು ಧಾರೆಯ ಸದ್ದು ಕೇಳುತ್ತಿದ್ದರು. ಹತ್ತನೆಯ ದಿನ ಕೆಳಗಿನ ಮೆಟ್ಟಿಲಿನಲ್ಲಿ ಮೊದಲ ಹವಳ ಬಾಯಿ ಬಿಟ್ಟಿತು. ಹೊರಗೆ ಎಲ್ಲೋ ಒಂದು ಕೂಸು ಕಿರ್ರೆಂದಿತು. ಹನ್ನೊಂದನೆಯ ದಿನ ನನ್ನದು ಪೂರ್ತಿ ಬೆಳ್ಳಗಾಯಿತು. ಯಜಮಾನರ ಅಂಗೈ ಹಿಡಿದು, ಬೊಬ್ಬೆ ಮಾಗಿದ ಜಾಗ ಬಿಟ್ಟು, ಬೆರಳಿನಿಂದ ಬರೆದು ತಿಳಿಸಿದೆ. ಅವರು ಬಹಳ ಹೊತ್ತು ಆ ಕೈಯನ್ನು ಮುಚ್ಚಿಕೊಂಡೇ ಇದ್ದರು.

ನೂರಾ ನಾಲ್ಕೂ ಉಳಿದವು. ಮೇಲಿನ ಮೆಟ್ಟಿಲಿನಲ್ಲಿ ಇಪ್ಪತ್ತಾರು ಹೋದವು, ಯಜಮಾನರದು ಹೇಗೋ ಉಳಿಯಿತು, ಸೊಪ್ಪಿನ ಹೊನ್ನಮ್ಮನದು ಹೋಯಿತು. ಅವಳ ದಂಟು ಬಿಸಾಕಿದ್ದಕ್ಕೆ ಈಗ ನನಗೆ ನಾಚಿಕೆಯಾಗುತ್ತದೆ. ಮುದ್ದಯ್ಯನವರದು ಮಾತ್ರ ಹತ್ತೊಂಬತ್ತನೆಯ ದಿನ ಹೂವಿನಂತೆ ಅರಳಿಕೊಂಡಿತು. ದಪ್ಪ ಚರ್ಮದ್ದು.

ಮುಂದೂಡಿದ ಸಭೆ ಕೊನೆಗೂ ನಡೆಯಿತು. ನನಗೆ ಶಾಲು ಹೊದಿಸುವುದಂತೆ. ಬರುವುದಿಲ್ಲ ಎಂದು ತಲೆಯಾಡಿಸಿದೆ. “ನಡಿ, ಹೋಗೋಣ. ನಂಗೆ ಕೆಲ್ಸ ಐತೆ ಅಲ್ಲಿ,” ಎಂದರು ಯಜಮಾನರು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಮುದ್ದಯ್ಯ ಮೈಕಿನ ಮುಂದೆ ನಿಂತರು. ದನಿ ಕಂಚಿನ ಗಂಟೆ. ಸಮಿತಿಯ ಸಕಾಲಿಕ ಕ್ರಮ ಎಂದರು. ಎಲ್ಲರ ಸಹಕಾರ ಎಂದರು. ಯಾರಿಂದಲೂ ತಪ್ಪಾಗಿಲ್ಲ, ಬೇಸಿಗೆ ಈ ಸಲ ಜೋರು ಎಂದರು. ಸೋದರಿ ಸಾಕಮ್ಮನವರ ಅಲ್ಪ ಸೇವೆಯನ್ನೂ ಮರೆಯುವಂತಿಲ್ಲ ಎಂದರು. ಅಲ್ಪ! ಎದ್ದು ನಿಂತು ಕೂಗಲು ಕೊರಳ ನರವೆಲ್ಲ ಉಬ್ಬಿತು, ಏನೂ ಬರಲಿಲ್ಲ.

ಪಕ್ಕದಲ್ಲಿ ಯಜಮಾನರು ಎದ್ದು ನಿಂತರು. ಅವರು ಸಭೆಯಲ್ಲಿ ಮಾತಾಡಿದವರೇ ಅಲ್ಲ.

“ಅಧ್ಯಕ್ಷರೇ, ಒಂಚೂರು ಸುಮ್ನಿರಿ,” ಎಂದರು.

“ಏನ್ ಗವಿಯಪ್ಪನೋರೇ? ಏನಾಗ್ಬೇಕಿತ್ತು?”

“ಏನಿಲ್ಲ. ನನ್ ಹೆಂಡ್ತಿ ಎಲ್ಲವ್ಳೆ ಅಂತ ಕೇಳಿಸ್ಕೋಬೇಕು. ನೀವು ಮಾತಾಡ್ತಾ ಇದ್ರೆ ಕೇಳ್ಸಲ್ಲ. ಎಲ್ಲಾರೂ ಸುಮ್ನಿರಿ.”

ಸಭೆ ಸ್ತಬ್ಧವಾಯಿತು. ಹಿಂದಿನ ಸಾಲಿನ ಪಿಸುಮಾತೂ ನಿಂತಿತು. ಸಮಿತಿಯ ಹದಿಮೂರು ಜನ ಉಸಿರು ಹಿಡಿದು ತಂತಮ್ಮ ಕಾಲ ಹೆಬ್ಬೆರಳು ನೋಡುತ್ತಾ ಕೂತರು. ಮುದ್ದಯ್ಯ ಮೈಕಿನ ಮುಂದೆ ಬಾಯಿ ಅರ್ಧ ತೆರೆದು ನಿಂತರು. ಯಜಮಾನರು ತಲೆಯನ್ನು ಒಂದು ಕಡೆಗೆ ವಾಲಿಸಿ, ಹುಡುಕುವವರ ಹಾಗೆ, ಆ ಮೂಲೆಗೆ ಕಿವಿ ಕೊಟ್ಟರು, ಈ ಮೂಲೆಗೆ ಕಿವಿ ಕೊಟ್ಟರು.

ನಾನು ಅವರ ಪಕ್ಕದಲ್ಲೇ ಇದ್ದೆ. ಪಂಚೆಯ ಮರೆಯಲ್ಲಿ ನನ್ನ ಮಣಿಕಟ್ಟು ಅವರ ಸುಟ್ಟ ಅಂಗೈಯೊಳಗೆ ಗಟ್ಟಿಯಾಗಿತ್ತು. ನಾನು ಅಲ್ಲಾಡಲಿಲ್ಲ, ಬಳೆ ಸದ್ದಾಗದ ಹಾಗೆ ಕೈ ಬಿಗಿ ಹಿಡಿದೆ. ಮುದ್ದಯ್ಯ ಒಮ್ಮೆ ಗಂಟಲು ಸರಿಮಾಡಿಕೊಂಡರು. “ಶ್!” ಎಂದರು ಯಜಮಾನರು, ಮತ್ತೆ ಕಿವಿ ಕೊಟ್ಟು ನಿಂತರು.